ಹೂ ಬಿಡದ ಗಿಡಕ್ಕೆ ನಾಲ್ಕೂವರೆ ಸ್ಟಾರ್

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮೂವತ್ತು-ನಲವತ್ತು ಸೈಟು. ಮನೆ ಕಟ್ಟಿ, ಸಂಪು ತೋಡಿ, ಗಾಡಿ ನಿಲ್ಲಿಸೋಕೆ ಜಾಗ ಬಿಟ್ಟ ಮೇಲೆ ಗಿಡಕ್ಕೆ ಅಂತ ಉಳಿದದ್ದು ಗೇಟಿನ ಪಕ್ಕ ನಾಲ್ಕಡಿ ಅಗಲ, ಒಂಬತ್ತಡಿ ಉದ್ದದ ಒಂದು ಪಟ್ಟಿ. ಬಿಟ್ಟರೆ ತಾರಸಿ. ಆ ಪಟ್ಟಿ ನಮ್ಮತ್ತೆಯ ರಾಜ್ಯ. ನಂದಿಬಟ್ಟಲು, ದಾಸವಾಳ, ಗ್ರಿಲ್ಲಿಗೆ ಹಬ್ಬಿಸಿದ ಮಲ್ಲಿಗೆ. ದೇವರಿಗೆ ದಿನಾ ಹೂ ಅಲ್ಲಿಂದಲೇ.

2022ರ ಆಗಸ್ಟಿನಲ್ಲಿ ಅಲ್ಲಿಗೆ ನಾನೊಂದು ಗೋಲ್ಡನ್ ಥೂಜಾ ತಂದಿಟ್ಟೆ. ಮೊಣಕಾಲೆತ್ತರ, ಮೊಟ್ಟೆ ಆಕಾರ, ತುದಿಯಲ್ಲಿ ಅರಿಶಿನ ಸವರಿದ ಹಾಗೆ ಹಳದಿ. ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು.

"ಇದು ಯಾವಾಗ ಹೂ ಬಿಡತ್ತೆ?"

"ಹೂ ಬಿಡಲ್ಲ ಅತ್ತೆ."

"ಹಣ್ಣು?"

"ಅದೂ ಇಲ್ಲ."

"ಮತ್ತೆ ಯಾಕಮ್ಮ ತಂದೆ?"

ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಮೂರು ವರ್ಷ ದಾಟಿದೆ, ಸ್ವಲ್ಪ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನರ್ಸರಿಯ ಹೆಸರು ಹಾಕುತ್ತಿಲ್ಲ, ಯಾಕಂದರೆ ಹೊಗಳಿಕೆ ಜೊತೆಗೆ ಒಂದು ದೂರೂ ಇದೆ. ಇದು ಗಿಡದ ರಿವ್ಯೂ ಅಂದುಕೊಳ್ಳಿ.

ಥೂಜಾಗೆ ಮುಂಚೆ ಒಂದು ತಪ್ಪು ಮಾಡಿದ್ದೆ. ಅದನ್ನ ಹೇಳದೆ ಮುಂದೆ ಹೋಗೋಕಾಗಲ್ಲ. 2021ರ ನವೆಂಬರಿನಲ್ಲಿ ಆನ್‌ಲೈನಿನಲ್ಲಿ ಒಂದು ಕುಳ್ಳ ಆಲ್ಬರ್ಟಾ ಸ್ಪ್ರೂಸ್ ತರಿಸಿದೆ. 1,450 ರೂಪಾಯಿ, ಡೆಲಿವರಿ ಬೇರೆ. ಪೆಟ್ಟಿಗೆಯಿಂದ ಬಂದದ್ದು ಎಂಟಿಂಚಿನ ಗಿಡ. ಚೆಂದಕ್ಕೆ ಮಾತಿಲ್ಲ. ಮಕ್ಕಳು ಡ್ರಾಯಿಂಗ್ ಪುಸ್ತಕದಲ್ಲಿ ಬರೆಯೋ ಕ್ರಿಸ್‌ಮಸ್ ಮರ ಇರುತ್ತಲ್ಲ, ಅದನ್ನೇ ಕುಗ್ಗಿಸಿ ಕುಂಡದಲ್ಲಿ ನೆಟ್ಟ ಹಾಗೆ. ಸೂಜಿ ಎಲೆ, ಆದರೆ ಮುಟ್ಟಿದರೆ ಚುಚ್ಚಲ್ಲ. ಜೊತೆಗೆ ಬಂದ ಚೀಟಿಯಲ್ಲಿ "ಎಲ್ಲಾ ಹವೆಗೂ ಹೊಂದುತ್ತದೆ" ಅಂತ ಬರೆದಿತ್ತು.

ಡಿಸೆಂಬರ್, ಜನವರಿ ಚೆನ್ನಾಗಿತ್ತು. ಫೆಬ್ರವರಿ ಕೊನೆಗೆ ಬಣ್ಣ ಮಂಕಾಯಿತು. ಧೂಳು ಕೂತಿರಬೇಕು ಅಂದುಕೊಂಡೆ. ಮಾರ್ಚಿನಲ್ಲಿ ಒಂದು ಪಕ್ಕ ಬೂದಿ ಬಣ್ಣಕ್ಕೆ ತಿರುಗಿತು.

ನಾನು ಕೆಲಸ ಮಾಡೋದು ಮಂಡ್ಯದ ಒಂದು ಬ್ಯಾಂಕಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಒಂದು ದಿನ ಬೆಳೆ ಸಾಲ ರಿನೀವಲ್‌ಗೆ ಬಂದಿದ್ದ ಯಜಮಾನರೊಬ್ಬರು ಕೌಂಟರಿನ ಮುಂದೆ ಕೂತಿದ್ದರು. ಪ್ರಿಂಟರ್ ಕೈಕೊಟ್ಟಿತ್ತು. ಸುಮ್ನೆ ಕೂರೋ ಬದಲು ಮೊಬೈಲಿನಲ್ಲಿದ್ದ ಗಿಡದ ಫೋಟೋ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಫೋನನ್ನ ಮೂಗಿನ ಹತ್ತಿರ ಹಿಡಿದು ನೋಡಿದರು. "ನುಸಿ ಕಣವ್ವ ಇದು. ಬದ್ನೆ ಗಿಡಕ್ಕೂ ಬತ್ತದೆ. ಬಿಳೀ ಹಾಳೆ ಹಿಡ್ದು ಕೊಂಬೆ ತಟ್ಟಿ ನೋಡು."

ಮನೆಗೆ ಬಂದು ಒಂದು ಪೇ-ಇನ್ ಸ್ಲಿಪ್ಪಿನ ಹಿಂಬದಿ ಹಿಡಿದು ಕೊಂಬೆ ತಟ್ಟಿದೆ. ಧೂಳು ಬಿತ್ತು. ಕಣ್ಣು ಮಿಟುಕಿಸದೆ ನೋಡಿದೆ. ಗಸಗಸೆಗಿಂತ ಸಣ್ಣ ಚುಕ್ಕೆಗಳು. ಒಂದೆರಡು ನಿಮಿಷ ಸುಮ್ಮನಿದ್ದು ಆಮೇಲೆ ನಡೆಯೋಕೆ ಶುರು ಮಾಡಿದವು! ಹೆಬ್ಬೆರಳಿನಲ್ಲಿ ಒರೆಸಿದರೆ ಹಾಳೆ ಮೇಲೆ ತುಕ್ಕಿನ ಬಣ್ಣದ ಗೆರೆ. ಎಲೆಗಳ ಸಂದಿಯಲ್ಲಿ ಜೇಡನ ಬಲೆಗಿಂತ ತೆಳುವಾದ ನೂಲು. ದಿನಾ ಬೆಳಿಗ್ಗೆ ಪೈಪಿನಿಂದ ಎಲೆಯ ತಳಕ್ಕೆ ನೀರು ಹೊಡೆದೆ. ಬೇವಿನ ಎಣ್ಣೆಯನ್ನೂ ಹೊಡೆದೆ. ಆದರೆ ಹೊತ್ತು ಮೀರಿತ್ತು. ಏಪ್ರಿಲ್ ಎರಡನೇ ವಾರ ಕೈ ತಗುಲಿದರೆ ಸಾಕು, ಸೂಜಿಗಳು ಅಕ್ಕಿ ಸುರಿದ ಹಾಗೆ ಉದುರುತ್ತಿದ್ದವು.

ಆಮೇಲೆ ಆ ಗಿಡದ ಮೂಲ ಓದಿದೆ. ಕೆನಡಾದ ಆಲ್ಬರ್ಟಾದಲ್ಲಿ, ಲಗ್ಗಾನ್ ಅನ್ನೋ ಊರಿನ ಹತ್ತಿರ, 1904ರಲ್ಲಿ ಅಮೆರಿಕದ ಆರ್ನಾಲ್ಡ್ ಆರ್ಬೊರೇಟಂ ಅನ್ನೋ ಮರಗಳ ಉದ್ಯಾನದ ಆಲ್ಫ್ರೆಡ್ ರೆಹ್ಡರ್ ಮತ್ತು ಜಾನ್ ಜಾರ್ಜ್ ಜ್ಯಾಕ್ ಕಣ್ಣಿಗೆ ಬಿದ್ದ ಗಿಡ ಅದು. ಎತ್ತರದ ಬಿಳಿ ಸ್ಪ್ರೂಸ್ ಮರಗಳ ನಾಡಿನಲ್ಲಿ ಹುಟ್ಟಿದ ಕುಳ್ಳ ಸಸಿ. ತಿಂಗಳುಗಟ್ಟಲೆ ಹಿಮದ ಕೆಳಗೆ ಮಲಗಿ ಎದ್ದು ರೂಢಿ ಇರೋ ಜಾತಿ. ಅದಕ್ಕೆ ಚಳಿ ಅಂದರೆ ವಿಶ್ರಾಂತಿ. ನಮ್ಮ ಮೈಸೂರಿನ ಚಳಿ ಏನಿದ್ದರೂ ಬೆಳಿಗ್ಗೆ ವಾಕಿಂಗಿಗೆ ಸ್ವೆಟರ್ ಹಾಕಿ ಎಂಟು ಗಂಟೆಗೆ ಬಿಚ್ಚುವಷ್ಟು. ಮಾರ್ಚಿನಲ್ಲಿ ತಾರಸಿಯ ಸಿಮೆಂಟು ಕಾದರೆ ಬರಿಗಾಲಲ್ಲಿ ನಾವೇ ನಿಲ್ಲಲ್ಲ. ಅಂಥಾ ಕಡೆ ಆ ಪಾಪದ ಗಿಡವನ್ನ ನಿಲ್ಲಿಸಿದ್ದೆ. ಮೈಸೂರಿನಲ್ಲಿ ಸ್ಪ್ರೂಸಿಗೆ ಒಂದು ಸ್ಟಾರ್. ಅದೂ ಮೊದಲ ಎರಡು ತಿಂಗಳ ಖುಷಿಗೆ.

ಇಲ್ಲೇ ಇನ್ನೊಂದು ಮಾತು. 'ಡ್ವಾರ್ಫ್' ಅಂತ ಚೀಟಿ ಅಂಟಿಸಿದ ತಕ್ಷಣ ಗಿಡ ಕೊನೇವರೆಗೂ ಕುಳ್ಳಗೇ ಇರುತ್ತೆ ಅಂತಲ್ಲ. ನಿಧಾನ ಬೆಳೆಯುತ್ತೆ, ಅಷ್ಟೇ. ಪೈನ್, ಸ್ಪ್ರೂಸ್, ಥೂಜಾ ಥರದ ಗಿಡಗಳಿಗೆ ಕೋನಿಫರ್ ಅಂತಾರೆ. ಅಮೆರಿಕದ ಕೋನಿಫರ್ ಸೊಸೈಟಿಯ ಲೆಕ್ಕದಲ್ಲಿ ವರ್ಷಕ್ಕೆ ಒಂದಿಂಚಿನಿಂದ ಆರಿಂಚು ಬೆಳೆದರೆ ಡ್ವಾರ್ಫ್. ಒಂದಿಂಚಿಗಿಂತ ಕಮ್ಮಿ ಆದರೆ ಮಿನಿಯೇಚರ್. ಅಂದರೆ ಡ್ವಾರ್ಫ್ ಅನ್ನಿಸಿಕೊಂಡೇ ಹತ್ತು ವರ್ಷದಲ್ಲಿ ಒಂದು ಗಿಡ ಐದಡಿ ಮುಟ್ಟಬಹುದು. ಕಿಟಕಿ ಮುಂದೆ ನೆಡೋರು ಇದನ್ನ ತಲೆಯಲ್ಲಿಟ್ಟುಕೊಳ್ಳಿ.

ಈಗ ಥೂಜಾ.

ಬೋಗಾದಿ ಕಡೆಯ ಒಂದು ನರ್ಸರಿಗೆ ಭಾನುವಾರ ಹೋದೆ. ಕೋನಿಫರ್ ಅಂದ ತಕ್ಷಣ ಅಲ್ಲಿನವರು "ಕ್ರಿಸ್‌ಮಸ್ ಗಿಡ ಬೇಕಾ ಮೇಡಂ?" ಅಂತ ಅರೌಕೇರಿಯಾ ತೋರಿಸಿದರು. ಅಂತಸ್ತು ಅಂತಸ್ತಾಗಿ ಕೊಂಬೆ ಬಿಡೋ ಗಿಡ. ಕುಂಡದಲ್ಲಿ ಪಾಪದ ಥರ ಕೂತಿರುತ್ತೆ, ನೆಲಕ್ಕೆ ಬಿಟ್ಟರೆ ಮೂರು ಮಹಡಿ ಮನೆಯನ್ನೂ ಮೀರಿಸಿ ನಿಲ್ಲುತ್ತೆ. ಬೇಡ ಅಂದೆ. ಹಿಂದಿನ ಸಾಲಿನಲ್ಲಿ ಎರಡು ಥರದ ಥೂಜಾ ಇದ್ದವು. ಒಂದು ದುಂಡಗೆ, ಒತ್ತಾಗಿ, ಹಳದಿ ತುದಿ. ಇನ್ನೊಂದು ಉದ್ದಕ್ಕೆ, ಹಸಿರು, ಕೊಂಬೆ ಸಡಿಲ. ಎರಡಕ್ಕೂ 220 ರೂಪಾಯಿ. "ಎರಡೂ ಒಂದೇ ಮೇಡಂ, ಯಾವುದಾದ್ರೂ ತಗೊಳ್ಳಿ" ಅಂದರು. ಒಂದೇ ಅಲ್ಲ. ಕುಳ್ಳ ತಳಿ ಕುಳ್ಳಗೇ ಬರಬೇಕಾದರೆ ಕಡ್ಡಿಯಿಂದ ಬೆಳೆಸಿರಬೇಕು. ಬೀಜದಿಂದ ಎಬ್ಬಿಸಿದ ಸಸಿ ಅದರ ಅಜ್ಜನ ಥರ ಉದ್ದಕ್ಕೂ ಹೋಗಬಹುದು. ನಾನು ದುಂಡಗಿದ್ದದ್ದನ್ನೇ ಆರಿಸಿದೆ. ಬುಡದವರೆಗೂ ಎಲೆ ಇದೆಯಾ, ಒಳಗೆ ಬಲೆ ಇದೆಯಾ ನೋಡಿದೆ. ಬ್ಯಾಗಿನಿಂದ ಬಿಳಿ ಹಾಳೆ ತೆಗೆದು ತಟ್ಟಿಯೂ ನೋಡಿದೆ. ಅಂಗಡಿಯವರು ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ.

ಥೂಜಾ ಅಂತ ಎಲ್ಲರೂ ಕರೆದರೂ ಸಸ್ಯಶಾಸ್ತ್ರದವರು ಅದಕ್ಕೆ ಈಗ ಬೇರೆ ಹೆಸರಿಟ್ಟಿದ್ದಾರೆ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಥೂಜಾ ಓರಿಯಂಟಾಲಿಸ್ ಅಂದಿದ್ದ. ಈಗ ಪ್ಲಾಟಿಕ್ಲಾಡಸ್ ಓರಿಯಂಟಾಲಿಸ್. ಗ್ರೀಕಿನಲ್ಲಿ ಚಪ್ಪಟೆ ಕೊಂಬೆ ಅಂತ ಅರ್ಥ. ಚೀನಾ, ಕೊರಿಯಾ ಕಡೆಯ ಗಿಡ. ಹಿಂದಿಯವರು ಮೋರ್‌ಪಂಖಿ ಅಂತಾರೆ, ನವಿಲುಗರಿ. ನನಗೆ ಆ ಹೆಸರೇ ಇಷ್ಟ. ಒಂದು ಕೊಂಬೆ ಹಿಡಿದು ನೋಡಿ, ಪುಸ್ತಕದಲ್ಲಿ ಇಟ್ಟು ಒತ್ತಿದ ಹಾಗೆ ಚಪ್ಪಟೆ. ಆ ಬೀಸಣಿಗೆಗಳೆಲ್ಲ ನೆಟ್ಟಗೆ ನಿಂತು, ಒಂದರ ಪಕ್ಕ ಒಂದು, ಕಪಾಟಿನಲ್ಲಿ ಜೋಡಿಸಿದ ಪುಸ್ತಕದ ಥರ ಇರುತ್ತವೆ. ಮಳೆ ನಿಂತ ಮೇಲೆ ಪ್ರತಿ ತುದಿಯಲ್ಲೂ ಒಂದೊಂದು ಹನಿ. ಆಗ ನೋಡಬೇಕು.

ಇನ್ನು ದೂರು. "ಕವರ್ ಹರಿದು, ಮಣ್ಣಿನ ಉಂಡೆ ಒಡೀದೆ ಹಂಗೇ ಕುಂಡಕ್ಕೆ ಇಟ್ಟುಬಿಡಿ ಮೇಡಂ, ಉಂಡೆ ಒಡೆದ್ರೆ ಗಿಡ ಸಾಯುತ್ತೆ" ಅಂದಿದ್ದರು. ಹಾಗೇ ಇಟ್ಟೆ. ಮೂರು ವಾರಕ್ಕೆ ತುದಿಗಳು ಒಣಗಿದವು. ದಿನಾ ನೀರು ಹಾಕುತ್ತಿದ್ದೇನೆ, ಕುಂಡದ ಮಣ್ಣು ಒದ್ದೆ ಇದೆ, ಆದರೂ ಗಿಡ ಬಾಯಾರಿದ ಹಾಗೆ ಕಾಣುತ್ತಿದೆ. ತಲೆ ಕೆಟ್ಟು ಕಿತ್ತು ನೋಡಿದೆ. ಸುತ್ತ ನನ್ನ ಮಣ್ಣು ಒದ್ದೆ. ನಡುವೆ ಅವರ ಉಂಡೆ ಇಟ್ಟಿಗೆಯ ಹಾಗೆ ಒಣಗಿ ಕೂತಿದೆ. ಬೆರಳುಗುರು ಕೂಡ ಇಳಿಯುತ್ತಿಲ್ಲ.

ವಿಷಯ ಇಷ್ಟೇ. ನಮ್ಮೂರ ನರ್ಸರಿಗಳ ಗಿಡ ಎಷ್ಟೋ ಪಾಲು ಇಲ್ಲಿ ಬೆಳೆದದ್ದಲ್ಲ. ಆಂಧ್ರದ ರಾಜಮಂಡ್ರಿ ಹತ್ತಿರ ಕಡಿಯಂ ಅಂತ ಇದೆ, ಊರಿಗೆ ಊರೇ ನರ್ಸರಿ. ಅಲ್ಲಿಂದ ಲಾರಿಯಲ್ಲಿ ಬರುತ್ತವೆ. ಗೋದಾವರಿ ಬಯಲಿನ ಜಿಗುಟು ಮಣ್ಣು. ದಾರಿಯಲ್ಲಿ ಒಡೆಯದೆ ಬರಲಿ ಅಂತ ಆ ಮಣ್ಣಿನ ಉಂಡೆ ಕಟ್ಟುತ್ತಾರೆ, ಅವರಿಗೆ ಅದು ಸರಿ. ಆದರೆ ಒಮ್ಮೆ ಒಣಗಿತೋ, ಮೇಲೆ ಹಾಕಿದ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಜಾರಿ ಹೋಗುತ್ತೆ. ಉಂಡೆಯೊಳಗಿನ ಬೇರಿಗೆ ತೊಟ್ಟೂ ಸಿಗಲ್ಲ. ಕಾವೇರಿ ನೀರಿಗೆ ಗೋದಾವರಿ ಮಣ್ಣು ಬಾಗಿಲು ತೆಗೆಯಲಿಲ್ಲ ಅಂತ ಮನೆಯಲ್ಲಿ ತಮಾಷೆ ಮಾಡಿದರು. ಸಾಯ್ತಾ ಇದ್ದದ್ದು ನನ್ನ ಗಿಡ, ನನಗೆ ನಗು ಬರಲಿಲ್ಲ.

ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ. ಮೊದಲು ಗುಳುಗುಳು ಗುಳ್ಳೆ ಎದ್ದವು. ಒಂದು ಗಂಟೆಗೆ ನೀರು ಚಹಾದ ಬಣ್ಣಕ್ಕೆ ಬಂತು. ಬೆರಳಿನಲ್ಲೇ ಮೆಲ್ಲಗೆ ಮಣ್ಣು ಬಿಡಿಸಿದೆ, ಪೂರ್ತಿ ಅಲ್ಲ, ಹೊರಗಿನ ಮೂರರಲ್ಲಿ ಒಂದು ಪಾಲು. ಒಳಗೆ ಬೇರು ಸಿಂಬಿ ಸುತ್ತಿದ ಹಾಗೆ ಸುತ್ತಿಕೊಂಡಿತ್ತು. ಅದರಲ್ಲಿ ನಾಲ್ಕೈದನ್ನ ಕತ್ತರಿಸಿದೆ. ಬೇರು ಕತ್ತರಿಸೋಕೆ ಧೈರ್ಯ ಎಲ್ಲಿಂದ ಬಂತು ಅಂದರೆ, ನಂಜನಗೂಡು ರಸ್ತೆಯ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧ ಮೂಲಿಕಾ ಬೋನ್ಸಾಯ್ ಉದ್ಯಾನ ನೋಡಿದ್ದೆ. ತಟ್ಟೆಯಷ್ಟು ಆಳದ ಮಣ್ಣಿನಲ್ಲಿ ಮರಗಳು ವರ್ಷಗಟ್ಟಲೆ ಬದುಕಿವೆ. ನನ್ನದು ಹದಿನಾಲ್ಕಿಂಚಿನ ಕುಂಡ, ಅದೇನು ಮಹಾ ಅನ್ನಿಸಿತು. ಎರಡು ತಿಂಗಳು ನೆರಳಲ್ಲಿಟ್ಟೆ. ದೀಪಾವಳಿ ಹೊತ್ತಿಗೆ ಹೊಸ ತುದಿ ಬಂತು. ಗಿಡ ಕೊಟ್ಟದ್ದಕ್ಕೆ ನರ್ಸರಿಗೆ ನಾಲ್ಕು ಸ್ಟಾರ್, ಕೊಟ್ಟ ಸಲಹೆಗೆ ಎರಡು.

ಮಣ್ಣು ಹೀಗೆ ಮಾಡಿದೆ. ಎರಡು ಬಾಂಡ್ಲಿ ಕೆಂಪು ಮಣ್ಣು, ಒಂದು ಬಾಂಡ್ಲಿ ದಪ್ಪ ಮರಳು, ಒಂದು ಬಾಂಡ್ಲಿ ಹಳೇ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಮರಳಿಗೆ ಅಂತ ಪಕ್ಕದ ಸೈಟಿನಿಂದ ಎಂ-ಸ್ಯಾಂಡ್ ತರೋರು ಜಾಸ್ತಿ. ತಂದರೆ ಜರಡಿ ಹಿಡಿದು ಪುಡಿ ಬಿಸಾಡಿ, ಇಲ್ಲದಿದ್ದರೆ ಆ ಪುಡಿ ನೀರಿಗೆ ಗಟ್ಟಿಯಾಗಿ ಕೂರುತ್ತೆ. ಕುಂಡ ಮಣ್ಣಿನದೇ. ಕೆಳಗೆ ತೂತಿಗೆ ಹೆಂಚಿನ ಚೂರು. ತಟ್ಟೆ ಇಡಬೇಡಿ. ಬಿಸಿಲನ್ನ ಈ ಗಿಡ ತಡೆಯುತ್ತೆ, ಕಾಲು ಒದ್ದೆ ಇದ್ದರೆ ತಡೆಯಲ್ಲ. ಅಕ್ಟೋಬರಿನ ಸಂಜೆ ಮಳೆ ವಾರಗಟ್ಟಲೆ ಹಿಡಿದಾಗ ನಾನು ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸುತ್ತೇನೆ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ನೀರು, ಏಪ್ರಿಲಿನಲ್ಲಿ ದಿನಾ. ಬೆರಳು ಎರಡು ಗೆಣ್ಣು ಇಳಿಸಿ ನೋಡಿದರೆ ಗೊತ್ತಾಗುತ್ತೆ. ನಮ್ಮ ಬೋರ್‌ವೆಲ್ ನೀರು ಗಡಸು, ಕುಂಡದ ಮೈಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಟ್ಟುತ್ತೆ. ಥೂಜಾ ಅದಕ್ಕೂ ಮುನಿಸಿಕೊಂಡಿಲ್ಲ.

ಮುನಿಸಿಕೊಂಡದ್ದು ಗೊಂಬೆ ಹಬ್ಬಕ್ಕೆ! 2023ರ ನವರಾತ್ರಿ. ನಮ್ಮ ಮನೆಯಲ್ಲಿ ಏಳು ಮೆಟ್ಟಿಲು ಗೊಂಬೆ ಕೂರಿಸುತ್ತೇವೆ. ಕೆಳಗೆ ಕಾಡಿನ ಸೀನು ಮಾಡಬೇಕು ಅಂತ ಮಗಳ ಹಟ. ಪ್ರತಿ ವರ್ಷ ರಾಗಿ ಪೈರು ಹಾಕಿ ಕಾಡು ಅನ್ನುತ್ತಿದ್ದೆವು. ಆ ಸಲ ಥೂಜಾನೇ ದೊಡ್ಡ ಮರ, ಕೆಳಗೆ ಮಣ್ಣಿನ ಆನೆ, ಹುಲಿ, ಚನ್ನಪಟ್ಟಣದ ಜಿಂಕೆ. ಬಂದವರೆಲ್ಲ ಮೊದಲು ಅದನ್ನೇ ನೋಡಿದರು, ಪಟ್ಟದ ಗೊಂಬೆಗಳನ್ನ ಆಮೇಲೆ. ಗಿಡ ಹತ್ತು ದಿನ ಹಾಲಿನಲ್ಲಿ, ಫ್ಯಾನ್ ಕೆಳಗೆ, ಸೀರಿಯಲ್ ಸೆಟ್ ಸುತ್ತಿಕೊಂಡು ನಿಂತಿತ್ತು. ವಿಜಯದಶಮಿ ಮಾರನೇ ದಿನ ನೇರ ತಾರಸಿ ಬಿಸಿಲಿಗೆ ಇಟ್ಟೆ. ಎರಡೂ ತಪ್ಪು. ಒಳಗೆ ಬೆಳಕಿಲ್ಲದೆ ಸೊರಗಿತ್ತು, ಹೊರಗೆ ಒಮ್ಮೆಗೇ ಬಿಸಿಲು ಬಿದ್ದು ಒಂದು ಮುಖ ಸುಟ್ಟಿತು. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕಾದ ಗಿಡ ಇದು. ಟಿವಿ ಪಕ್ಕ ಇಡೋಕೆ ತರೋದಾದರೆ ದಯವಿಟ್ಟು ತರಬೇಡಿ. ಈಗ ನವರಾತ್ರಿಗೆ ಎರಡೇ ದಿನ ಒಳಗೆ, ಸರಸ್ವತಿ ಪೂಜೆಗೆ ಮುಂಚೆ ವಾಪಸ್.

ಸುಟ್ಟ ಎಲೆ ಹೋಯಿತು, ಹಿಂದಿನಿಂದ ಹೊಸದು ಮುಚ್ಚಿತು. ಮುಚ್ಚದೇ ಇರೋದು ಇನ್ನೊಂದಿದೆ. ನಮ್ಮ ಯಜಮಾನರ ಸ್ಕೂಟರಿನ ಹ್ಯಾಂಡಲ್ ತಗುಲುತ್ತೆ ಅಂತ ಅವರೇ ಕತ್ತರಿ ತಗೊಂಡು ಒಂದು ಪಕ್ಕ ಬೋಳಿಸಿದರು. ಹಸಿರು ದಾಟಿ ಕಂದು ಕಡ್ಡಿವರೆಗೆ. ದಾಸವಾಳ ಆಗಿದ್ದರೆ ತಿಂಗಳಲ್ಲಿ ಚಿಗುರುತ್ತಿತ್ತು. ಥೂಜಾ ಹಳೇ ಕಡ್ಡಿಯಿಂದ ಚಿಗುರಲ್ಲ. ಎರಡು ವರ್ಷ ಆಯಿತು, ಆ ಜಾಗ ಇವತ್ತಿಗೂ ಬೋಳು. ಆ ಮುಖವನ್ನ ಗೋಡೆಗೆ ತಿರುಗಿಸಿಟ್ಟಿದ್ದೇನೆ. ಕತ್ತರಿಸೋದಿದ್ದರೆ ಹಸಿರು ತುದಿ ಮಾತ್ರ, ಅರ್ಧ ಬೆರಳಿನಷ್ಟು. ಒಳಗಿನ ಹಳೇ ಎಲೆ ಕಂದಾಗಿ ಒಣಗೋದು ಸಹಜ. ನಾನು ಎರಡು ತಿಂಗಳಿಗೊಮ್ಮೆ ಕೈ ಹಾಕಿ ಉದುರಿಸುತ್ತೇನೆ. ಇಲ್ಲದಿದ್ದರೆ ಒಳಗೆ ಕಸ ಕಟ್ಟಿ ಇರುವೆ ಸೇರುತ್ತೆ.

ಬೆಳವಣಿಗೆ? ಗೇಟಿನ ಕಂಬದ ಮೇಲೆ ಮಗಳ ಎತ್ತರಕ್ಕೆ ಪೆನ್ಸಿಲ್ ಗೆರೆ ಹಾಕುತ್ತಿದ್ದೆವು. ಪಕ್ಕದಲ್ಲೇ ಗಿಡಕ್ಕೂ ಹಾಕಿದೆ. ತಂದಾಗ 45 ಸೆಂಟಿಮೀಟರ್, ಮೂರು ವರ್ಷಕ್ಕೆ 77. ಅದರಲ್ಲಿ ಗೊಂಬೆ ಹಬ್ಬದ ವರ್ಷ ಬರೀ 6. ಮಗಳು ಇದನ್ನ ಎಂದೋ ದಾಟಿ ಹೋದಳು.

ಎದುರು ಮನೆಯವರು ಡಿಸೆಂಬರಿನಲ್ಲಿ ಗೋಲ್ಡ್‌ಕ್ರೆಸ್ಟ್ ತಂದಿದ್ದರು. ತಿಳಿ ಹಳದಿ, ಉಜ್ಜಿದರೆ ನಿಂಬೆ ವಾಸನೆ. ಕ್ಯಾಲಿಫೋರ್ನಿಯಾದ ಮಂಜಿನ ಕಡಲತೀರದ ಸೈಪ್ರಸ್ ಜಾತಿ ಅದು. ಮೊದಲ ಏಪ್ರಿಲ್ ದಾಟಲಿಲ್ಲ. ನೋಡೋಕೆ ನನ್ನದಕ್ಕಿಂತ ಚೆಂದ ಇತ್ತು, ಅದು ಬೇರೆ ಮಾತು.

ಅತ್ತೆಗೆ ನಾನು ಹೇಳಿದ್ದರಲ್ಲಿ ಅರ್ಧ ಸುಳ್ಳಾಯಿತು. ಹೋದ ವರ್ಷ ಮಳೆಗಾಲದಲ್ಲಿ ಒಂದು ದಿನ ಹೂ ಬಿಡಿಸೋಕೆ ಹೋದವರು ಅಲ್ಲಿಂದಲೇ ಕೂಗಿದರು. "ಬಾ ಇಲ್ಲಿ, ಏನೋ ಬಿಟ್ಟಿದೆ." ಕೊಂಬೆ ತುದಿಯಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಕಾಯಿಗಳು. ಬೂದಿ ಸವರಿದ ನೀಲಿ ಹಸಿರು. ಒಂದೊಂದಕ್ಕೂ ಆರೇಳು ಪುಟ್ಟ ಕೊಂಬು, ತುದಿ ಹಿಂದಕ್ಕೆ ಬಾಗಿದೆ. ಬೆರಳಿನಲ್ಲಿ ಒರೆಸಿದರೆ ಬೂದಿ ಹೋಗಿ ಹಸಿರು ಕಾಣುತ್ತೆ, ದ್ರಾಕ್ಷಿ ಮೇಲಿನ ಬೂದಿಯ ಹಾಗೆ. ಇದೇ ಅದರ ಕೋನ್. ಒಣಗಿದಾಗ ಕಂದಾಗಿ ಬಾಯಿ ತೆರೆದು ಬೀಜ ಉದುರಿಸುತ್ತೆ. ಅತ್ತೆ ಒಂದನ್ನ ಅಂಗೈಯಲ್ಲಿ ಉರುಳಿಸಿ ನೋಡಿ "ಬಸವನ ಕೊಂಬು ಇದ್ದಂಗಿದೆ" ಅಂದರು. ದೇವರ ಮುಂದೆ ಇಟ್ಟರೋ ಇಲ್ಲವೋ ನಾನು ಕೇಳಲಿಲ್ಲ. ಸಂಜೆ ನೋಡಿದರೆ ಬಟ್ಟಲಲ್ಲಿ ಮೂರಿದ್ದವು.

ಕಳೆದ ಮಳೆಗಾಲದಲ್ಲಿ ಆರು ಕಡ್ಡಿ ನೆಟ್ಟಿದ್ದೆ. ಕತ್ತರಿಯಿಂದ ಕತ್ತರಿಸಿದ್ದಲ್ಲ, ಬುಡದ ಚೂರು ತೊಗಟೆ ಸಮೇತ ಕೆಳಕ್ಕೆ ಎಳೆದು ಕಿತ್ತದ್ದು. ಮೂರು ತಿಂಗಳು ಏನೂ ಆಗಲಿಲ್ಲ. ಬಿಸಾಡೋಣ ಅಂತ ಎಳೆದರೆ ಎರಡು ಬರಲಿಲ್ಲ. ಬೇರು ಹಿಡಿದಿತ್ತು. ಅದರಲ್ಲಿ ಒಂದು ನುಸಿ ತೋರಿಸಿಕೊಟ್ಟ ಯಜಮಾನರಿಗೆ. ಬೆಳೆ ಸಾಲಕ್ಕೆ ಈ ತಿಂಗಳು ಬರುತ್ತಾರೆ. ಸೋಮವಾರ ಬೆಳಗಿನ ರೈಲಿಗೆ ಟಿಫನ್ ಬ್ಯಾಗಿನಲ್ಲಿ ಅದನ್ನೂ ಇಟ್ಟುಕೊಂಡು ಹೋಗಬೇಕು. ಸೀಟು ಸಿಗದಿದ್ದರೆ ಮಂಡ್ಯದವರೆಗೆ ಎತ್ತಿ ಹಿಡಿದುಕೊಂಡೇ ನಿಲ್ಲಬೇಕು.

ಕಡಿತ ಆದ ಅರ್ಧ ಸ್ಟಾರ್ ಅತ್ತೆಯದು. ಹೂ ಬಿಡಲ್ಲವಲ್ಲ, ಅದಕ್ಕೆ.